ಥಂಡಿಯಲ್ಲಿ ಓಡಿದರೆ ಎದೆ ಬಿಗಿಯುತ್ತದೆಯೇ? ಪಂಪ್, ಗುಳಿಗೆ, ಮಫ್ಲರ್, ವಾರ್ಮಪ್: ಯಾರಿಗೆ ಯಾವುದು ಸರಿ

ಡಿಸೆಂಬರ್ ಬಂತೆಂದರೆ ವಿಜಯಪುರದಲ್ಲಿ ಒಂದೇ ಪ್ರಶ್ನೆ ನನಗೆ ಮೂರು ಕಡೆಯಿಂದ ಬರುತ್ತದೆ. ಪೊಲೀಸ್ ಭರ್ತಿಗೆ ತಯಾರಿ ಮಾಡುವ ಹುಡುಗರು ಕೇಳುತ್ತಾರೆ. ಗೋಳಗುಮ್ಮಟದ ಆವರಣಕ್ಕೆ ಮುಂಜಾನೆ ವಾಕಿಂಗ್‌ಗೆ ಬರುವ ಅಕ್ಕಂದಿರು ಕೇಳುತ್ತಾರೆ. ಸೈಕ್ಲಿಂಗ್ ಕಲಿಯುತ್ತಿರುವ ಮಕ್ಕಳ ತಾಯಂದಿರೂ ಕೇಳುತ್ತಾರೆ. "ಥಂಡ್ಯಾಗ ಓಡಿದ್ರ ಎದಿ ಬಿಗಿತೈತಿ, ಕೆಮ್ಮು ನಿಲ್ಲಂಗಿಲ್ಲ. ಪಂಪ್ ಹೊಡಕೊಳ್ಳೂದೋ, ಗುಳಗಿ ನುಂಗೂದೋ, ಇಲ್ಲಾ ಓಡೂದ ಬಿಡೂದೋ?"

ಓಡುವುದು ಬಿಡಬೇಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಅವರಿಗೆ ವ್ಯಾಯಾಮದಿಂದ ಬರುವ ಅಸ್ತಮಾ ಇತ್ತು, ಅದನ್ನು ಇಟ್ಟುಕೊಂಡೇ 2003ರಲ್ಲಿ ಲಂಡನ್ ಮ್ಯಾರಥಾನ್ ಅನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಉಳಿದ ಪ್ರಶ್ನೆ ಪಂಪೋ (ಬಾಯಲ್ಲಿಟ್ಟು ಎಳೆಯುವ ಇನ್‌ಹೇಲರ್) ಗುಳಿಗೆಯೋ ಅನ್ನುವುದು. ಅದಕ್ಕೆ ಎಲ್ಲರಿಗೂ ಹೊಂದುವ ಒಂದು ಉತ್ತರ ಇಲ್ಲ. ನಿಮ್ಮದು ಯಾವ ತರಹದ ತೊಂದರೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನನಗೂ ಈ ತೊಂದರೆ ಇದೆ, ಪಂಪ್ ಜೇಬಿನಲ್ಲಿಟ್ಟುಕೊಂಡೇ ಓಡುತ್ತೇನೆ. ಆದರೆ ನಾನು ಡಾಕ್ಟರ್ ಅಲ್ಲ. ಇಲ್ಲಿ ಔಷಧದ ಹೆಸರು, ಪ್ರಮಾಣ ಬರೆದಿರುವುದು ನೀವು ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲಿ ಅಂತ. ಮೆಡಿಕಲ್ ಶಾಪಿಗೆ ಹೋಗಿ ನೀವೇ ಕೊಂಡು ಶುರು ಮಾಡಲಿ ಅಂತಲ್ಲ.

ಎದೆಯೊಳಗೆ ನಡೆಯುವುದೇನು

ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಐದಾರು ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅದು ಮೂಗಿನ ಮೂಲಕ ಹೋಗುತ್ತದೆ, ಹೋಗುವ ದಾರಿಯಲ್ಲೇ ಬೆಚ್ಚಗಾಗಿ ತೇವ ಹಿಡಿಯುತ್ತದೆ. ಜೋರಾಗಿ ಓಡುವಾಗ ಅದು ನಿಮಿಷಕ್ಕೆ ಅರವತ್ತು, ಎಂಬತ್ತು, ಚೆನ್ನಾಗಿ ಪಳಗಿದವರಲ್ಲಿ ನೂರು ಲೀಟರ್ ದಾಟುತ್ತದೆ. ಆಗ ಮೂಗು ಸಾಲುವುದಿಲ್ಲ, ಬಾಯಿ ತೆರೆಯುತ್ತೇವೆ. 10 ಡಿಗ್ರಿಯ ಗಾಳಿಯಲ್ಲಿ ತೇವ ಪೂರ್ತಿ ತುಂಬಿದ್ದರೂ ಸಾವಿರ ಲೀಟರಿಗೆ ಸುಮಾರು 9 ಗ್ರಾಂ ನೀರು ಇರುತ್ತದೆ, ಅಷ್ಟೇ. ಶ್ವಾಸಕೋಶ ತಲುಪುವಾಗ ಅದೇ ಗಾಳಿಯಲ್ಲಿ ಸುಮಾರು 44 ಗ್ರಾಂ ಇರಬೇಕು. ಉಳಿದದ್ದನ್ನು ಶ್ವಾಸನಾಳದ ಒಳಪದರವೇ ಕೊಡಬೇಕು. ಉಸಿರು ಬಿಡುವಾಗ ಸ್ವಲ್ಪ ವಾಪಸ್ ಸಿಗುತ್ತದೆ, ಆದರೆ ಪೂರ್ತಿ ಸಿಗುವುದಿಲ್ಲ. ಹೀಗೆ ಒಳಪದರ ಒಣಗುತ್ತಾ ಹೋದಂತೆ ಅಲ್ಲಿನ ಉಪ್ಪಿನಂಶ ಗಟ್ಟಿಯಾಗುತ್ತದೆ. ಆಗ ಅಲ್ಲಿರುವ ಕೆಲವು ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಅನ್ನುವ ರಾಸಾಯನಿಕಗಳನ್ನು ಬಿಡುತ್ತವೆ, ಅವು ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಬಿಗಿ ಮಾಡುತ್ತವೆ.

ಅಂದರೆ ತಪ್ಪು ಥಂಡಿಗಿಂತ ಒಣಗಾಳಿಯದ್ದು ಜಾಸ್ತಿ. ನಮ್ಮ ಜಿಲ್ಲೆಗೆ ಇದು ಮುಖ್ಯ. ನಮ್ಮ ಚಳಿ ಒಣಚಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಕೆಲವು ದಿನ ಮುಂಜಾನೆ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಅದರ ಮೇಲೆ ತೊಗರಿ ರಾಶಿಯ ಧೂಳು, ರಸ್ತೆ ಬದಿ ಕಸ, ಟೈರು ಸುಟ್ಟು ಬೆಂಕಿ ಕಾಯಿಸುವವರ ಹೊಗೆ. ಥಂಡಿ ದಿನಗಳಲ್ಲಿ ಈ ಹೊಗೆ ಬೇಗ ಮೇಲೆ ಹೋಗುವುದಿಲ್ಲ, ನೆಲದ ಹತ್ತಿರವೇ ನಿಲ್ಲುತ್ತದೆ. ಸೋಲಾಪುರ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲು ಓಡುವವರಿಗೆ ಇದು ಗೊತ್ತೇ ಇದೆ.

ಇನ್ನೊಂದು ವಿಷಯ. ಈ ಬಿಗಿತ ಓಡುವಾಗ ಬರುವುದಕ್ಕಿಂತ ನಿಂತ ಮೇಲೆ ಜಾಸ್ತಿ ಬರುತ್ತದೆ. ನಿಂತ ಐದು-ಹತ್ತು ನಿಮಿಷಕ್ಕೆ ತೀರಾ ಜೋರಾಗಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ತಾನೇ ಇಳಿಯುತ್ತದೆ. ಓಟ ಮುಗಿಸಿ ಬೈಕ್ ಹತ್ತಿ ಮನೆಗೆ ಹೊರಟಾಗ ಕೆಮ್ಮು ಶುರುವಾದರೆ "ಬೈಕಿನ ಗಾಳಿ ತಾಗಿತು" ಅಂದುಕೊಳ್ಳುವವರು ಬಹಳ. ಅದು ಮುಗಿಸಿದ ಓಟದ ಕೆಮ್ಮು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು: ಈ ತೊಂದರೆ ಓಡಿದಾಗ ಮಾತ್ರವೋ, ಉಳಿದ ಹೊತ್ತಿನಲ್ಲೂ ಇದೆಯೋ? ಕಳೆದ ನಾಲ್ಕು ವಾರದ್ದು ನೆನಪಿಸಿಕೊಳ್ಳಿ. ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಹಗಲು ದಮ್ಮು, ಕೆಮ್ಮು ಬಂದಿದೆಯೇ? ರಾತ್ರಿ ಅದರಿಂದ ಎಚ್ಚರವಾಗಿದೆಯೇ? ತಕ್ಷಣಕ್ಕೆ ಅಂತ ಹೊಡೆಯುವ ಪಂಪ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬೇಕಾಗಿದೆಯೇ? ಮಾಡುತ್ತಿದ್ದ ಕೆಲಸವನ್ನು ಉಸಿರಿಗೆ ಹೆದರಿ ಬಿಟ್ಟಿದ್ದೀರಾ? ಒಂದಕ್ಕೆ ಹೌದು ಅಂದರೂ ನಿಮ್ಮದು "ಬರೀ ಓಟದ ದಮ್ಮು" ಅಲ್ಲ, ಹಿಡಿತಕ್ಕೆ ಬಾರದ ಅಸ್ತಮಾ ಇರಬಹುದು. ಓಟದಲ್ಲಿ ಅದು ಎದ್ದು ಕಾಣುತ್ತದೆ, ಅಷ್ಟೇ. ಆಗ ಓಟಕ್ಕೆ ಮುಂಚೆ ಏನು ತೆಗೆದುಕೊಳ್ಳಲಿ ಅನ್ನುವ ಪ್ರಶ್ನೆಗಿಂತ ದಿನಾ ಏನು ತೆಗೆದುಕೊಳ್ಳಲಿ ಅನ್ನುವುದು ಮುಖ್ಯವಾಗುತ್ತದೆ.

ಎರಡನೆಯದು, ವಾರಕ್ಕೆ ಎಷ್ಟು ದಿನ ಓಡುತ್ತೀರಿ, ಯಾವ ಹೊತ್ತಿಗೆ ಅಂತ ಮೊದಲೇ ಗೊತ್ತಿರುತ್ತದೆಯೇ? ಮುಂಜಾನೆ ಆರಕ್ಕೆ ಗ್ರೌಂಡಿಗೆ ಇಳಿಯುವವರ ಲೆಕ್ಕ ಬೇರೆ, ಶಾಲೆಯಲ್ಲಿ ಯಾವಾಗ ಬೇಕಾದರೂ ಓಡುವ ಮಗುವಿನ ಲೆಕ್ಕ ಬೇರೆ. ಆಮೇಲೆ ಖರ್ಚು, ಅಡ್ಡಪರಿಣಾಮ, ಮತ್ತು ನೀವು ಅದನ್ನು ನಿಜವಾಗಿಯೂ ದಿನಾ ಮಾಡುತ್ತೀರಾ ಅನ್ನುವುದು. ಸ್ಪರ್ಧೆಗೆ ಇಳಿಯುವವರಾದರೆ ಡೋಪಿಂಗ್ ನಿಯಮವೂ, ಅಂದರೆ ಆಟಗಾರರಿಗೆ ಯಾವ ಔಷಧ ನಿಷಿದ್ಧ ಅನ್ನುವುದೂ ಸೇರುತ್ತದೆ.

ಇಷ್ಟಕ್ಕೂ ಮೊದಲು, ಇದು ಅದೇ ತೊಂದರೆ ಹೌದಾ ಅಂತ ಖಾತ್ರಿ ಆಗಬೇಕು. ಓಟದ ತುತ್ತತುದಿಯಲ್ಲಿ, ಉಸಿರು ಒಳಗೆ ಎಳೆಯುವಾಗ ಗಂಟಲಲ್ಲಿ ಸದ್ದು ಬಂದು, ನಿಂತ ಎರಡು-ಮೂರು ನಿಮಿಷದಲ್ಲಿ ಪೂರ್ತಿ ಸರಿಯಾದರೆ ಅದು ಗಂಟಲ ಧ್ವನಿಪೆಟ್ಟಿಗೆ ಕಿರಿದಾಗುವ ಬೇರೆಯೇ ಸಮಸ್ಯೆ ಇರಬಹುದು, ಅದಕ್ಕೆ ಪಂಪ್ ಕೆಲಸ ಮಾಡುವುದಿಲ್ಲ. ನಲವತ್ತು ದಾಟಿದವರಿಗೆ ಎದೆ ಭಾರವಾಗಿ ನೋವು ತೋಳಿಗೋ ದವಡೆಗೋ ಹರಿದರೆ ಮೊದಲು ಹೃದಯ ನೋಡಿಸಬೇಕು. ರಕ್ತ ಕಡಿಮೆ ಇದ್ದರೂ ಬೇಗ ದಮ್ಮು ಹತ್ತುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ. ಸ್ಪೈರೋಮೆಟ್ರಿ ಅನ್ನುವ ಊದುವ ಪರೀಕ್ಷೆ ಮಾಡಿಸಿ. ಓಟದ ತೊಂದರೆ ಪತ್ತೆಗೆ ಅದನ್ನು ಆರರಿಂದ ಎಂಟು ನಿಮಿಷ ಜೋರಾಗಿ ಓಡಿಸುವ ಮೊದಲು ಮತ್ತು ಆಮೇಲೆ ಮಾಡುತ್ತಾರೆ. ಒಂದು ಸೆಕೆಂಡಿನಲ್ಲಿ ಊದುವ ಗಾಳಿ 10 ಶೇಕಡಾ ಅಥವಾ ಹೆಚ್ಚು ಇಳಿದರೆ ಇದೇ ತೊಂದರೆ ಅನ್ನುತ್ತಾರೆ. ಬೇರೆ ಯಾವ ಖರ್ಚು ಮುಂದೆ ಹಾಕಿದರೂ ಈ ಪರೀಕ್ಷೆಯ ಖರ್ಚು ಮುಂದೆ ಹಾಕಬೇಡಿ.

ದುಡ್ಡು ಬೇಡದ ದಾರಿಗಳು

ಮಫ್ಲರ್ ಕಟ್ಟುವುದರಿಂದ ಶುರು ಮಾಡೋಣ. ಚಳಿಗಾಲದ ಮುಂಜಾನೆ ಗ್ರೌಂಡಿನಲ್ಲಿ ನಿಂತು ನೋಡಿ. ಹತ್ತರಲ್ಲಿ ಒಂಬತ್ತು ಜನ ಮಫ್ಲರನ್ನೋ ಟವೆಲನ್ನೋ ಕಿವಿಗೆ ಬಿಗಿಯಾಗಿ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿ, ಬಾಯಿ ತೆರೆದುಕೊಂಡು ಓಡುತ್ತಾರೆ. ಕಿವಿ ಬೆಚ್ಚಗಿರುತ್ತದೆ, ತೊಂದರೆ ಆಗುವ ಜಾಗ ಮಾತ್ರ ಬಯಲಿಗೆ ಬಿದ್ದಿರುತ್ತದೆ. ಅದೇ ಬಟ್ಟೆಯನ್ನು ಮೂಗು-ಬಾಯಿಯ ಮೇಲೆ ಎರಡು ಪದರ ಬರುವಂತೆ ಸಡಿಲವಾಗಿ ತಂದರೆ, ಹೊರಬಿಟ್ಟ ಉಸಿರಿನ ಬಿಸಿ ಮತ್ತು ತೇವ ಬಟ್ಟೆಯಲ್ಲಿ ಉಳಿದು, ಮುಂದಿನ ಉಸಿರಿನ ಜೊತೆ ವಾಪಸ್ ಒಳಗೆ ಹೋಗುತ್ತದೆ. ನಡಿಗೆ, ನಿಧಾನದ ಓಟಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಜೋರು ಓಟದಲ್ಲಿ ಬಟ್ಟೆ ಒದ್ದೆಯಾಗಿ ಅಂಟಿಕೊಂಡು ಉಸಿರು ಕಟ್ಟಿದಂತಾಗುತ್ತದೆ, ಆಗ ಬಹಳ ಜನ ಕಿತ್ತು ಹಾಕುತ್ತಾರೆ. ಹಾಗಾಗಿ ವೇಗದ ಅಭ್ಯಾಸಕ್ಕೆ ಬಟ್ಟೆ ಒಂದನ್ನೇ ನಂಬಬೇಡಿ. ಎನ್‌-95 ಮಾಸ್ಕ್ ಧೂಳಿಗೆ ಒಳ್ಳೆಯದು, ಓಟಕ್ಕೆ ಬಿಗಿ. ತೆಳು ಸರ್ಜಿಕಲ್ ಮಾಸ್ಕ್ ಇವೆರಡರ ನಡುವೆ ನಿಲ್ಲುತ್ತದೆ.

ವಾರ್ಮಪ್ ಬಗ್ಗೆ ನನಗೆ ಬಹಳ ನಂಬಿಕೆ ಇದೆ, ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ. ಒಂದು ಸಲ ಶ್ವಾಸನಾಳ ಸ್ವಲ್ಪ ಬಿಗಿದು ಸಡಿಲಾದ ಮೇಲೆ ಸುಮಾರು ಒಂದರಿಂದ ಮೂರು ಗಂಟೆ ಕಾಲ ಅದು ಮತ್ತೆ ಅಷ್ಟು ಸುಲಭವಾಗಿ ಬಿಗಿಯುವುದಿಲ್ಲ. ಈ ತೊಂದರೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಬಿಡುವು ಸಿಗುತ್ತದೆ, ಉಳಿದವರಿಗೆ ಸಿಗುವುದಿಲ್ಲ. ಅದನ್ನು ಪಡೆಯಲು ಬರೀ ಕೈಕಾಲು ಆಡಿಸಿದರೆ ಸಾಲದು. ಹತ್ತು-ಹದಿನೈದು ನಿಮಿಷದ ವಾರ್ಮಪ್ ಒಳಗೆ ಅರ್ಧರ್ಧ ನಿಮಿಷದ ಜೋರು ಓಟಗಳು ನಾಲ್ಕಾರು ಬರಬೇಕು, ನಡುವೆ ನಿಧಾನ ನಡಿಗೆ. ನಮ್ಮ ಥಂಡಿಗೆ ಇದನ್ನು ಮನೆಯೊಳಗೇ ಅರ್ಧ ಮುಗಿಸಿ ಹೊರಡುವುದು ಒಳ್ಳೆಯದು: ಪಡಸಾಲೆಯಲ್ಲಿ ಸ್ಕಿಪ್ಪಿಂಗ್, ನಿಂತಲ್ಲೇ ಓಟ, ಮೆಟ್ಟಿಲು. ಕೊನೆಯಲ್ಲಿ ಗಪ್ಪನೆ ನಿಲ್ಲಬೇಡಿ, ಹತ್ತು ನಿಮಿಷ ನಡೆಯಿರಿ. ಖರ್ಚು ಸೊನ್ನೆ, ಅಡ್ಡಪರಿಣಾಮ ಇಲ್ಲ. ಆದರೆ ಹೊತ್ತು ಬೇಕು, ಮತ್ತು ನಿಮಗೆ ಹೊಂದುತ್ತದೋ ಇಲ್ಲವೋ ಅನ್ನುವುದು ಮಾಡಿಯೇ ತಿಳಿಯಬೇಕು.

ಹೊತ್ತು ಬದಲಿಸುವುದು ಸುಲಭದ ದಾರಿ ಅನಿಸುತ್ತದೆ, ಅದಕ್ಕೂ ಬೆಲೆ ಇದೆ. ಡಿಸೆಂಬರ್-ಜನವರಿಯಲ್ಲಿ ಎಂಟರ ಮೇಲೆ ಬಿಸಿಲು ಬಿದ್ದಾಗ ಓಡಿದರೆ ಗಾಳಿ ಬೆಚ್ಚಗಿರುತ್ತದೆ, ಹೊಗೆಯೂ ಸ್ವಲ್ಪ ಚದುರಿರುತ್ತದೆ. ಕೆಲಸಕ್ಕೆ ಹೋಗುವವರಿಗೆ ಆ ಹೊತ್ತು ಸಿಗಬೇಕಲ್ಲ. ಸಂಜೆ ಐದಕ್ಕೆ ಬೆಚ್ಚಗಿರುತ್ತದೆ, ಆದರೆ ರಸ್ತೆ ಧೂಳು, ಗಾಡಿ ಹೊಗೆ. ಸಂಜೆಯೇ ಆರಿಸಿದರೆ ರಸ್ತೆ ಬಿಟ್ಟು ಗ್ರೌಂಡಿಗೋ ಭೂತನಾಳ ಕೆರೆಯ ಕಡೆಗೋ ಹೋಗಿ. ಕಾಂಗ್ರೆಸ್ ಕಸ ಬೆಳೆದ ಬಯಲನ್ನು ತಪ್ಪಿಸಿ, ಅದರ ಪರಾಗಕ್ಕೆ ಅಲರ್ಜಿ ಇರುವವರು ನಮ್ಮಲ್ಲಿ ಬಹಳ.

ಆಟ ಬದಲಿಸುವುದೂ ಒಂದು ದಾರಿ. ಎಡೆಬಿಡದೆ ಉಸಿರು ಎಳೆಸುವ ಆಟಗಳಾದ ದೂರದ ಓಟ, ಸೈಕ್ಲಿಂಗ್, ಫುಟ್‌ಬಾಲ್ ಇದನ್ನು ಜಾಸ್ತಿ ಕೆರಳಿಸುತ್ತವೆ. ವಾಲಿಬಾಲ್, ಬ್ಯಾಡ್ಮಿಂಟನ್, ಕ್ರಿಕೆಟ್, ನಡುವೆ ಬಿಡುವು ಸಿಗುವ ಕಬಡ್ಡಿ ಕಡಿಮೆ. ಈಜುವಾಗ ನೀರಿನ ಮೇಲಿನ ಗಾಳಿ ತೇವವಾಗಿರುವುದರಿಂದ ಬಹಳ ಜನರಿಗೆ ಹಗುರ, ಆದರೆ ಮುಚ್ಚಿದ ಕೊಳದಲ್ಲಿ ಕ್ಲೋರಿನ್ ವಾಸನೆ ಗಾಢವಾಗಿದ್ದರೆ ಅದೇ ಕೆಲವರಿಗೆ ಕೆಮ್ಮು ತರುತ್ತದೆ. ಓಡುವುದು ಇಷ್ಟ ಇರುವವರಿಗೆ, ಅದರಲ್ಲೂ ಮಕ್ಕಳಿಗೆ, ಆಟ ಬದಲಿಸು ಅಂತ ಮೊದಲೇ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಉಳಿದ ದಾರಿ ಎಲ್ಲ ಮುಗಿದ ಮೇಲೆ ಅದು.

ಚಹಾದಲ್ಲಿರುವ ಕೆಫೀನ್ ಶ್ವಾಸನಾಳವನ್ನು ಸ್ವಲ್ಪ ಸಡಿಲಿಸುತ್ತದೆ, ಅದು ನಿಜ. ಆದರೆ ಒಂದು ಕಪ್ ಚಹಾ ಪಂಪಿನ ಜಾಗದಲ್ಲಿ ನಿಲ್ಲುವುದಿಲ್ಲ. ಶುಂಠಿ ಕಷಾಯ ಗಂಟಲಿಗೆ ಹಿತ, ಓಟದ ಬಿಗಿತ ತಡೆಯುವ ಔಷಧ ಅಂತ ಅದನ್ನು ನಂಬಿ ಗ್ರೌಂಡಿಗೆ ಇಳಿಯಬೇಡಿ.

ಓಟಕ್ಕೆ ಮುಂಚೆ ನೀಲಿ ಪಂಪ್

ಸಾಲ್ಬುಟಮಾಲ್. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಅಸ್ತಾಲಿನ್. ಓಟಕ್ಕೆ ಹತ್ತು-ಹದಿನೈದು ನಿಮಿಷ ಮುಂಚೆ ಎರಡು ಪಫ್ (ಎರಡು ಸಲ ಒತ್ತಿ ಎಳೆಯುವುದು), ಅಂದರೆ 200 ಮೈಕ್ರೋಗ್ರಾಂ. ಎರಡರಿಂದ ನಾಲ್ಕು ಗಂಟೆ ರಕ್ಷಣೆ. ಬೇಗ ಕೆಲಸ ಮಾಡುತ್ತದೆ, ಎಲ್ಲಾ ಅಂಗಡಿಯಲ್ಲಿ ಸಿಗುತ್ತದೆ. ಒಂದು ಡಬ್ಬಿಯಲ್ಲಿ 200 ಪಫ್, ಅಂದರೆ ನೂರು ಓಟಕ್ಕೆ ಸಾಕು. ಖರ್ಚಿನಲ್ಲಿ ಇದನ್ನು ಮೀರಿಸುವ ಔಷಧ ಇಲ್ಲ. ಕೆಲವರಿಗೆ ಕೈ ನಡುಗುತ್ತದೆ, ಎದೆ ಡಬಡಬ ಅನ್ನುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.

ವಾರಕ್ಕೆ ಒಂದೆರಡು ಸಲ ಓಡುವ, ಉಳಿದ ಹೊತ್ತಿನಲ್ಲಿ ಯಾವ ತೊಂದರೆಯೂ ಇಲ್ಲದವರಿಗೆ ಡಾಕ್ಟರು ಇಷ್ಟೇ ಬರೆದುಕೊಡಬಹುದು. ಆದರೆ ದಿನಾ ಓಡುವವರು ದಿನಾ ಇದನ್ನೇ ಹೊಡೆಯುತ್ತಾ ಹೋದರೆ ಇದರ ಬಲ ಕುಂದುತ್ತದೆ. ರಕ್ಷಣೆಯ ಹೊತ್ತು ಕಡಿಮೆಯಾಗುತ್ತದೆ, ಬಿಗಿತ ಬಂದಾಗ ಇಳಿಸುವುದೂ ನಿಧಾನವಾಗುತ್ತದೆ. ಅದಕ್ಕಿಂತ ದೊಡ್ಡ ಮಾತು: ಇದು ಸ್ನಾಯು ಸಡಿಲಿಸುತ್ತದೆ, ಒಳಗಿನ ಉರಿಯೂತವನ್ನು ಮುಟ್ಟುವುದೇ ಇಲ್ಲ. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ 'ಜಿನಾ' 2019ರಿಂದ 12 ವರ್ಷ ಮೇಲ್ಪಟ್ಟ ಅಸ್ತಮಾ ರೋಗಿಗಳಿಗೆ ಬರೀ ಈ ಪಂಪ್ ಒಂದರ ಮೇಲೇ ಚಿಕಿತ್ಸೆ ನಡೆಸಬೇಡಿ ಅನ್ನುತ್ತಿದೆ. ಅಗ್ಗ ಅಂತ ವರ್ಷಗಟ್ಟಲೆ ಇದೊಂದನ್ನೇ ಹೊಡೆಯುವವರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ ಅಲ್ವಾ? ಅವರ ಬಗ್ಗೆ ನನಗೆ ನಿಜವಾಗಿಯೂ ಭಯ ಆಗುತ್ತದೆ.

ಪಂಪಿಗೆ ಹೆದರಿ ಅದೇ ಔಷಧದ ಗುಳಿಗೆ ನುಂಗುವವರೂ ಇದ್ದಾರೆ. "ಪಂಪ್ ಹಚ್ಚಿದ್ರ ಚಟ ಆಗ್ತೈತಿ, ನಾಳೆ ಲಗ್ನದ ಮಾತು ಬಂದಾಗ ತ್ರಾಸ" ಅನ್ನುವ ಮಾತು ಹೆಣ್ಣುಮಕ್ಕಳ ತಾಯಂದಿರಿಂದ ಎಷ್ಟೋ ಸಲ ಕೇಳಿದ್ದೇನೆ. ಲೆಕ್ಕ ನೋಡಿ. ಎರಡು ಪಫ್ ಅಂದರೆ 200 ಮೈಕ್ರೋಗ್ರಾಂ, ಅದೂ ನೇರ ಶ್ವಾಸನಾಳಕ್ಕೆ. ಒಂದು 4 ಮಿಲಿಗ್ರಾಂ ಗುಳಿಗೆ ಅಂದರೆ 4000 ಮೈಕ್ರೋಗ್ರಾಂ. ಇಪ್ಪತ್ತು ಪಟ್ಟು ಔಷಧ, ರಕ್ತದಲ್ಲಿ ಸೇರಿ ಮೈಯೆಲ್ಲಾ ಸುತ್ತಿ, ನಿಧಾನವಾಗಿ ಎದೆಗೆ ಬರುತ್ತದೆ. ನಡುಕ, ಎದೆಬಡಿತ ಜಾಸ್ತಿ, ಉಪಯೋಗ ಕಡಿಮೆ. ಪಂಪ್ ಚಟ ಹಿಡಿಸುವುದಿಲ್ಲ. ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದಾಗ ಪದೇ ಪದೇ ಬೇಕಾಗುತ್ತದೆ, ಅದನ್ನೇ ಜನ ಚಟ ಅನ್ನುತ್ತಾರೆ.

ದಿನಾ ತೆಗೆದುಕೊಳ್ಳುವ ಸ್ಟೆರಾಯ್ಡ್ ಪಂಪ್, ಮತ್ತು ಜೋಡಿ ಪಂಪ್

ಬ್ಯುಡೆಸೊನೈಡ್‌ನಂಥ ಸ್ಟೆರಾಯ್ಡ್ ಪಂಪನ್ನು ಓಟ ಇರಲಿ ಬಿಡಲಿ ದಿನಾ ತೆಗೆದುಕೊಳ್ಳಬೇಕು. ಓಟಕ್ಕೆ ಮುಂಚೆ ಒಂದು ಸಲ ಹೊಡೆದರೆ ಏನೂ ಆಗುವುದಿಲ್ಲ. ಒಳಗಿನ ಉರಿಯೂತ ಇಳಿದು ಓಟದಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಬಹಳ ಜನ ಒಂದು ವಾರಕ್ಕೆ "ಏನೂ ಫರಕ್ ಇಲ್ಲ" ಅಂತ ಬಿಡುವುದು ಇಲ್ಲೇ. ಸ್ಟೆರಾಯ್ಡ್ ಅಂದ ಕೂಡಲೇ ಹೆದರಬೇಡಿ, ಇದು ಜಿಮ್‌ನವರು ಚುಚ್ಚಿಕೊಳ್ಳುವ ಸ್ಟೆರಾಯ್ಡ್ ಅಲ್ಲ, ಪ್ರಮಾಣವೂ ಮೈಕ್ರೋಗ್ರಾಂ ಲೆಕ್ಕದಲ್ಲಿ ಇರುತ್ತದೆ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣು ಬರಬಹುದು, ಧ್ವನಿ ಒಡೆಯಬಹುದು.

ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಹೌದು ಅಂದವರಿಗೆ ಬೇಕಾದದ್ದು ಈ ಸಾಲಿನ ಔಷಧ. ಇದರಲ್ಲೇ ಈಗ ಡಾಕ್ಟರುಗಳು ಜಾಸ್ತಿ ಬರೆಯುವುದು ಜೋಡಿ ಪಂಪ್: ಬ್ಯುಡೆಸೊನೈಡ್ ಜೊತೆ ಫಾರ್ಮೊಟೆರಾಲ್, ಉದಾಹರಣೆಗೆ ಫೋರಾಕಾರ್ಟ್. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಸ್ನಾಯು ಸಡಿಲಿಸುತ್ತದೆ, ಸುಮಾರು 12 ಗಂಟೆ ನಿಲ್ಲುತ್ತದೆ, ಜೊತೆಗೆ ಪ್ರತಿ ಪಫ್‌ನಲ್ಲೂ ಸ್ಟೆರಾಯ್ಡ್ ಒಳಗೆ ಹೋಗುತ್ತದೆ. ಹಗುರ ಅಸ್ತಮಾ ಇರುವ 12 ವರ್ಷ ಮೇಲಿನವರು ಇದನ್ನು ತೊಂದರೆ ಬಂದಾಗ ಮತ್ತು ಓಟಕ್ಕೆ ಮುಂಚೆ ತೆಗೆದುಕೊಳ್ಳಬಹುದು ಎಂದು ಜಿನಾ ಹೇಳುತ್ತದೆ. ನನಗೆ ಕೇಳಿದರೆ, ವಾರಕ್ಕೆ ನಾಲ್ಕೈದು ದಿನ ಓಡುವವರು ಡಾಕ್ಟರ ಹತ್ತಿರ ಮೊದಲು ಕೇಳಬೇಕಾದದ್ದು ಇದನ್ನೇ. ಬೆಲೆ ನೀಲಿ ಪಂಪಿನ ಎರಡು-ಮೂರು ಪಟ್ಟು, ಡಬ್ಬಿಯಲ್ಲಿ ಸಾಮಾನ್ಯವಾಗಿ 120 ಪಫ್. ಖರ್ಚು ಹೆಚ್ಚು ನಿಜ, ಆದರೆ ಎರಡು ಕೆಲಸ ಒಂದೇ ಡಬ್ಬಿಯಲ್ಲಿ ಆಗುತ್ತದೆ. ಜನೌಷಧಿ ಕೇಂದ್ರದಲ್ಲಿ ಇದೇ ಔಷಧ ಬೇರೆ ಹೆಸರಲ್ಲಿ ಇದೆಯೇ ಅಂತ ಕೇಳಿ ನೋಡಿ. ಜಿಲ್ಲಾ ಆಸ್ಪತ್ರೆಯ ಔಷಧಿ ಕೌಂಟರಿನಲ್ಲೂ ಕೇಳಿ. ಒಂದು ಎಚ್ಚರ: ಸ್ಟೆರಾಯ್ಡ್ ಇಲ್ಲದ ಬರೀ ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲ್ ಪಂಪನ್ನು ಅಸ್ತಮಾಕ್ಕೆ ಒಂಟಿಯಾಗಿ ಬಳಸಬಾರದು.

ಮಾಂಟೆಲುಕಾಸ್ಟ್ ಗುಳಿಗೆ

ಮೇಲೆ ಹೇಳಿದ ಲ್ಯೂಕೋಟ್ರೈನ್ ಅನ್ನು ತಡೆಯುವ ಗುಳಿಗೆ ಇದು. ದೊಡ್ಡವರಿಗೆ 10 ಮಿಲಿಗ್ರಾಂ, ಓಟಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ, ರಕ್ಷಣೆ 24 ಗಂಟೆಯವರೆಗೆ. ನೀಲಿ ಪಂಪಿನ ಹಾಗಲ್ಲ, ದಿನಾ ತೆಗೆದುಕೊಂಡರೂ ಇದರ ಬಲ ಕುಂದುವುದಿಲ್ಲ. ಮೂಗು ಕಟ್ಟುವ ಅಲರ್ಜಿಯೂ ಇದ್ದವರಿಗೆ ಎರಡಕ್ಕೂ ನೆರವಾಗುತ್ತದೆ. ಯಾವಾಗ ಓಡುತ್ತದೋ ಗೊತ್ತಿಲ್ಲದ ಮಗುವಿಗೆ ಇದು ಅನುಕೂಲ ಅನಿಸುವುದು ಸಹಜ.

ಆದರೆ ರಕ್ಷಣೆ ಪಂಪಿನಷ್ಟು ಗಟ್ಟಿ ಅಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ಬಿಗಿತ ಬಂದ ಮೇಲೆ ನುಂಗಿದರೆ ಉಪಯೋಗವೇ ಇಲ್ಲ. ಅಡ್ಡಪರಿಣಾಮದ ಮಾತನ್ನಂತೂ ತಾಯಂದಿರು ಗಮನಿಸಿ ಓದಬೇಕು: ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ, ಅಪರೂಪಕ್ಕೆ ಆತ್ಮಹತ್ಯೆಯ ಯೋಚನೆ ಕೂಡ ಕಂಡಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಇದಕ್ಕೆ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿತು. ನಮ್ಮಲ್ಲಿ ನೆಗಡಿಗೆ ಅಂತ ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಗುಳಿಗೆಗಳಲ್ಲಿ ಲಿವೊಸೆಟ್ರಿಜಿನ್ ಜೊತೆ ಇದೇ ಔಷಧ ಸೇರಿರುತ್ತದೆ, ಪಟ್ಟಿಯ ಹಿಂದೆ ಓದಿ ನೋಡಿ. ಮಗುವಿನ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ತಕ್ಷಣ ಡಾಕ್ಟರಿಗೆ ಹೇಳಿ. ಪಂಪಿನಿಂದ ಸರಿಯಾಗದವರಿಗೆ, ಅಥವಾ ಪಂಪ್ ತೆಗೆದುಕೊಳ್ಳಲು ಆಗದವರಿಗೆ ಇದು ಜೊತೆಯ ಔಷಧ. ಪಂಪಿಗೆ ನಾಚಿಕೆ ಅಂತ ಇದನ್ನು ಆರಿಸುವುದು ನನಗೆ ಒಪ್ಪಿಗೆ ಇಲ್ಲ.

ಯಾವ ಪಂಪ್ ಆದರೂ ಎಳೆಯುವ ರೀತಿ ಸರಿ ಇರಬೇಕು

ಡಬ್ಬಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿ ಹಿಡಿದು, ನಿಧಾನವಾಗಿ ಎಳೆಯುತ್ತಾ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಪಫ್‌ಗೆ ಅರ್ಧ-ಒಂದು ನಿಮಿಷ ಬಿಡಿ. ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಆಗದವರು, ಮಕ್ಕಳು, ವಯಸ್ಸಾದವರು ಸ್ಪೇಸರ್ (ಪಂಪಿನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿಕೊಳ್ಳಲೇಬೇಕು. ಅದಿಲ್ಲದೆ ಔಷಧದ ದೊಡ್ಡ ಪಾಲು ಗಂಟಲಲ್ಲೇ ಉಳಿಯುತ್ತದೆ. ದುಬಾರಿ ಪಂಪ್ ಕೊಳ್ಳುವ ಮೊದಲು ಒಂದು ಸ್ಪೇಸರ್ ಕೊಳ್ಳಿ. ಥಂಡಿಯಲ್ಲಿ ಸೈಕಲ್ ಬ್ಯಾಗಿನಲ್ಲಿಟ್ಟ ಡಬ್ಬಿ ತಣ್ಣಗಾಗಿ ಸರಿಯಾಗಿ ಸಿಡಿಯದೇ ಇರಬಹುದು. ಒಳ ಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ, ತಣ್ಣಗಿದ್ದರೆ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ.

ಪಂಪ್ ಹೊಡೆದರೂ ಇಳಿಯದಿದ್ದರೆ, ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ ಯಾವ ಹೋಲಿಕೆಯೂ ಬೇಡ. ನೆಟ್ಟಗೆ ಕೂಡಿಸಿ, ಸ್ಪೇಸರ್‌ನಲ್ಲಿ ನೀಲಿ ಪಂಪ್ ಒಂದೊಂದೇ ಪಫ್ ಕೊಡುತ್ತಾ 108ಕ್ಕೆ ಫೋನ್ ಮಾಡಿ.

ಈಗ ಯಾರು ಯಾವುದನ್ನು

ವಾಕಿಂಗ್ ಬರುವ ಅಕ್ಕಂದಿರಿಗೆ ನನ್ನ ಸಲಹೆ: ಮಫ್ಲರ್ ಮೂಗಿನ ಮೇಲೆ ಬರಲಿ, ಬಿಸಿಲು ಬಿದ್ದ ಮೇಲೆ ಹೊರಡಿ, ಮೊದಲ ಹತ್ತು ನಿಮಿಷ ನಿಧಾನ. ಇದರಲ್ಲೇ ಸರಿಯಾದರೆ ಔಷಧಕ್ಕೆ ಹೋಗಬೇಕಿಲ್ಲ. ಆದರೆ ನಿಧಾನ ನಡಿಗೆಗೆ ಸಾಮಾನ್ಯವಾಗಿ ಈ ಬಿಗಿತ ಬರುವುದಿಲ್ಲ. ಸುಮ್ನೆ ನಡೆದರೂ ದಮ್ಮು ಹತ್ತುತ್ತದೆ ಅಂದರೆ ಎದೆ, ಹೃದಯ, ರಕ್ತ ಮೂರನ್ನೂ ನೋಡಿಸಿಕೊಳ್ಳಿ, ಮುಂದೂಡಬೇಡಿ.

ಪೊಲೀಸ್ ಭರ್ತಿಯ ಹುಡುಗರದ್ದು ಬೇರೆ ಕಥೆ. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಈ ತೊಂದರೆ ಕಂಡುಹಿಡಿಯಲು ಆಸ್ಪತ್ರೆಯಲ್ಲಿ ಓಡಿಸುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ಬಿಗಿತ ತರಿಸಲು ತಕ್ಕ ಓಟವನ್ನೇ ನೀವು ದಿನಾ ಓಡುತ್ತಿದ್ದೀರಿ. ದುಡ್ಡು ಕಡಿಮೆ ಇರುತ್ತದೆ, ಹಾಗಾಗಿ ನೀಲಿ ಪಂಪ್ ಒಂದರಲ್ಲೇ ಮುಗಿಸಬೇಕು ಅನಿಸುತ್ತದೆ. ದಿನಾ ಅಭ್ಯಾಸಕ್ಕೆ ಅದನ್ನೇ ಖರ್ಚು ಮಾಡಿ ಬಲ ಕುಂದಿಸಿಕೊಂಡರೆ ಪರೀಕ್ಷೆಯ ದಿನ ಕೈಕೊಡಬಹುದು. ಅಭ್ಯಾಸದ ದಿನಗಳಲ್ಲಿ ವಾರ್ಮಪ್ ಮೇಲೆ ಹೆಚ್ಚು ನಿಲ್ಲಿ, ಜೋರು ಓಟ ವಾರಕ್ಕೆ ಎರಡು-ಮೂರು ದಿನ ಇಡಿ. ದಿನಾ ಔಷಧ ಬೇಕೆನಿಸಿದರೆ ಡಾಕ್ಟರ ಹತ್ತಿರ ಜೋಡಿ ಪಂಪ್ ಅಥವಾ ಸ್ಟೆರಾಯ್ಡ್ ಪಂಪ್ ಕೇಳಿ. ಅದನ್ನು ಪರೀಕ್ಷೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಿರಬೇಕು, ಹಿಂದಿನ ವಾರ ಶುರು ಮಾಡಿ ಉಪಯೋಗ ಇಲ್ಲ. ಪರೀಕ್ಷೆಯ ಮುಂಜಾನೆ ಸರದಿಗೆ ಕಾಯುತ್ತಾ ಮೈ ತಣ್ಣಗಾಗುತ್ತದೆ, ವಾರ್ಮಪ್‌ನ ಬಿಡುವು ಗಂಟೆಗಟ್ಟಲೆ ಇರುವುದರಿಂದ ತುಸು ಮೊದಲೇ ಮಾಡಿದರೂ ನಡೆಯುತ್ತದೆ.

ಸೈಕ್ಲಿಂಗ್ ಮಕ್ಕಳು. ನಮ್ಮ ಜಿಲ್ಲೆಯಿಂದ ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವ ಸೈಕ್ಲಿಸ್ಟ್‌ಗಳು ಎಷ್ಟು ಜನ ಅಂತ ನಿಮಗೆ ಗೊತ್ತು. ಇವರಿಗೆ ದೂರ, ವೇಗ, ಒಣಗಾಳಿ ಮೂರೂ ಸೇರುತ್ತವೆ, ಮೇಲೆ ಸೈಕಲ್ ವೇಗಕ್ಕೆ ಗಾಳಿ ಮುಖಕ್ಕೇ ಬಡಿಯುತ್ತದೆ. ಇಲ್ಲಿ ಬರೀ ಬಟ್ಟೆ, ಬರೀ ವಾರ್ಮಪ್ ಸಾಲುವುದು ಕಷ್ಟ. ಪರೀಕ್ಷೆ ಮಾಡಿಸಿ, ಬಹುಪಾಲು ದಿನಾ ತೆಗೆದುಕೊಳ್ಳುವ ಔಷಧವೇ ಬೇಕಾಗುತ್ತದೆ. ಕೋಚ್‌ಗೂ ಶಾಲೆಯ ಪಿ.ಟಿ. ಸರ್‌ಗೂ ವಿಷಯ ಗೊತ್ತಿರಲಿ, ಮಗುವಿನ ಬ್ಯಾಗಿನಲ್ಲಿ ನೀಲಿ ಪಂಪ್ ಮತ್ತು ಸ್ಪೇಸರ್ ಯಾವಾಗಲೂ ಇರಲಿ. 12ಕ್ಕಿಂತ ಚಿಕ್ಕವರಿಗೆ ಪ್ರಮಾಣ ಬೇರೆ, ಮಕ್ಕಳ ಡಾಕ್ಟರೇ ಹೇಳಬೇಕು.

ಸ್ಪರ್ಧೆಗೆ ಇಳಿಯುವವರು ಡೋಪಿಂಗ್ ನಿಯಮ ತಿಳಿದಿರಬೇಕು. ವಿಶ್ವ ಡೋಪಿಂಗ್ ತಡೆ ಸಂಸ್ಥೆ 'ವಾಡಾ'ದ ನಿಯಮದಂತೆ ಸಾಲ್ಬುಟಮಾಲ್ ಪಂಪ್ ನಡೆಯುತ್ತದೆ, ಮಿತಿ 24 ಗಂಟೆಗೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ಅಂದರೆ ಎಂಟು ಗಂಟೆಯಲ್ಲಿ ಆರು ಪಫ್. ಫಾರ್ಮೊಟೆರಾಲ್ ಪಂಪಿಗೂ ಮಿತಿ ಇದೆ. ಸ್ಟೆರಾಯ್ಡ್ ಪಂಪ್, ಮಾಂಟೆಲುಕಾಸ್ಟ್ ನಡೆಯುತ್ತವೆ. ಸಾಲ್ಬುಟಮಾಲ್ ಗುಳಿಗೆ, ಸಿರಪ್ ನಡೆಯುವುದಿಲ್ಲ. ಟೂರ್ ಡಿ ಫ್ರಾನ್ಸ್ ಗೆದ್ದ ಸೈಕ್ಲಿಸ್ಟ್ ಕ್ರಿಸ್ ಫ್ರೂಮ್ 2017ರ ಸ್ಪೇನ್ ರೇಸ್‌ನಲ್ಲಿ ಮೂತ್ರದಲ್ಲಿ ಸಾಲ್ಬುಟಮಾಲ್ ಮಿತಿ ಮೀರಿ ಕಂಡಿದ್ದಕ್ಕೆ ತಿಂಗಳುಗಟ್ಟಲೆ ವಿಚಾರಣೆ ಎದುರಿಸಬೇಕಾಯಿತು, 2018ರ ಜುಲೈನಲ್ಲಿ ಪ್ರಕರಣ ಶಿಕ್ಷೆ ಇಲ್ಲದೆ ಮುಗಿಯಿತು. ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಅಪಾಯ ಕೆಮ್ಮಿನ ಸಿರಪ್. ಅಂಗಡಿಯಲ್ಲಿ ಸಿಗುವ ಹಲವು ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತದೆ, ಅದು ನಿಷೇಧಿತ ಪಟ್ಟಿಯಲ್ಲಿದೆ. ಶಿಬಿರಕ್ಕೆ ಹೋಗುವಾಗ ಡಾಕ್ಟರ ಚೀಟಿಯ ಪ್ರತಿ ಕಿಟ್‌ನಲ್ಲಿ ಇರಲಿ, ಹೊಸ ಸಿರಪ್ ಬಾಟಲಿ ಯಾರು ಕೊಟ್ಟರೂ ಕುಡಿಯುವ ಮೊದಲು ಅದರ ಮೇಲಿನ ಹೆಸರುಗಳನ್ನು ಕೋಚ್‌ಗೆ ಓದಿ ಹೇಳಿ.